ಹೆಸರು ಅವರಿಗೆ, ದೋಣಿ ನಮಗೆ: ಲೇಸರ್ ಹಾಯಿದೋಣಿಯ ಪ್ರಕರಣ

2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಯಲ್ಲಿ ಮಧ್ಯಪ್ರದೇಶದ ಹುಡುಗಿ ನೇಹಾ ಠಾಕೂರ್ ಬೆಳ್ಳಿ ಗೆದ್ದಳು. ಸುದ್ದಿ 'ಐಎಲ್‌ಸಿಎ 4 ವಿಭಾಗ' ಎಂದು ಹೇಳಿ ಮುಂದಕ್ಕೆ ಹೋಯಿತು. ಅದೇ ಕೂಟದಲ್ಲಿ ವಿಷ್ಣು ಸರವಣನ್ 'ಐಎಲ್‌ಸಿಎ 7'ರಲ್ಲಿ ಕಂಚು ಗೆದ್ದರು. ಅದಕ್ಕೆ ಎರಡು ವರ್ಷ ಹಿಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇದೇ ವಿಷ್ಣು ನಡೆಸಿದ ದೋಣಿಯನ್ನು ಎಲ್ಲರೂ 'ಲೇಸರ್' ಎಂದು ಕರೆದಿದ್ದರು. ಚೆನ್ನೈನ ನೇತ್ರಾ ಕುಮನನ್ ನಡೆಸಿದ್ದು 'ಲೇಸರ್ ರೇಡಿಯಲ್'. ದೋಣಿ ಬದಲಾಗಿರಲಿಲ್ಲ. ಉದ್ದ ಅದೇ, ಅಗಲ ಅದೇ, ತೂಕ ಅದೇ, ಹಾಯಿಯ ವಿಸ್ತೀರ್ಣವೂ ಅದೇ. ಹೆಸರೊಂದು ಹೋಗಿತ್ತು.

ಐವತ್ತು ವರ್ಷ ಓಡಿದ, ಎರಡು ಲಕ್ಷಕ್ಕೂ ಹೆಚ್ಚು ಮಾರಾಟವಾದ ಸರಕಿನ ಹೆಸರನ್ನು ಯಾರಾದರೂ ತಾವಾಗಿಯೇ ಬಿಡುತ್ತಾರೆಯೇ? ಬಿಟ್ಟರು. ಬಿಟ್ಟವರು ತಯಾರಕರಲ್ಲ, ದೋಣಿಯನ್ನು ಕೊಂಡು ಓಡಿಸುವವರು. ಈ ಪ್ರಕರಣದ ಸ್ವಾರಸ್ಯವೇ ಅದು.

ಫೋನಿನಲ್ಲಿ ಮಾತಾಡುತ್ತಾ ಗೀಚಿದ್ದು

1969ರಲ್ಲಿ ಮಾಂಟ್ರಿಯಲ್‌ನ ಕೈಗಾರಿಕಾ ವಿನ್ಯಾಸಕಾರ ಇಯಾನ್ ಬ್ರೂಸ್ ಅವರಿಗೆ ಕೆನಡಾದ ಹಳೆಯ ವ್ಯಾಪಾರ ಸಂಸ್ಥೆ ಹಡ್ಸನ್ಸ್ ಬೇ ಕಂಪನಿಗಾಗಿ ಒಂದು ಕೆಲಸ ಬಂತು. ಕಾಡು, ಕೆರೆ ಎಂದು ರಜೆಯಲ್ಲಿ ಗುಡಾರ ಹೊತ್ತು ಹೊರಡುವವರಿಗೆ ಬೇಕಾದ ಸಾಮಾನುಗಳನ್ನು ರೂಪಿಸಬೇಕಿತ್ತು. ಆ ಪಟ್ಟಿಯಲ್ಲಿ ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಹೋಗಬಹುದಾದ ಒಂದು ಪುಟ್ಟ ಹಾಯಿದೋಣಿಯೂ ಇತ್ತು. ಇಯಾನ್ ತಮ್ಮ ಗೆಳೆಯ ಬ್ರೂಸ್ ಕರ್ಬಿಗೆ ಫೋನ್ ಮಾಡಿದರು. ಮಾತು ನಡೆಯುತ್ತಿರುವಾಗಲೇ ಕರ್ಬಿ ಕೈಯಲ್ಲಿದ್ದ ಹಾಳೆಯ ಮೇಲೆ ದೋಣಿಯೊಂದರ ರೂಪ ಗೀಚಿದರು.

ಕರ್ಬಿ ಕಾಲೇಜಿನಲ್ಲಿ ಹಡಗುವಿನ್ಯಾಸ ಓದಿದವರಲ್ಲ. ಒಟ್ಟಾವದಲ್ಲಿ ಹುಟ್ಟಿ, ಪತ್ರಿಕೆಗಳಲ್ಲಿ ದುಡಿದು, ಆ ಹೊತ್ತಿಗೆ ಅಮೆರಿಕದಲ್ಲಿ ಹಾಯಿದೋಣಿ ಮಾಸಿಕವೊಂದರ ಸಂಪಾದಕರಾಗಿದ್ದರು. ಆದರೆ 1956, 1964 ಮತ್ತು 1968ರ ಮೂರು ಒಲಿಂಪಿಕ್ಸ್‌ಗಳಲ್ಲಿ ಕೆನಡಾದ ಪರವಾಗಿ ದೋಣಿ ನಡೆಸಿದ್ದರು. ನೀರಿನ ಮೇಲೆ ಕುಳಿತು ಕಲಿತ ವಿದ್ಯೆ ಅವರದು. ಸುಮಾರು 80 ಕಿಲೋ ತೂಕದ ಒಬ್ಬನೇ ವ್ಯಕ್ತಿ ಕುಳಿತರೆ ಅತ್ಯುತ್ತಮವಾಗಿ ಓಡಬೇಕು ಎಂದು ಲೆಕ್ಕ ಹಾಕಿ ಒಡಲನ್ನು ಬರೆದರು.

ಹಡ್ಸನ್ಸ್ ಬೇ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. ಚಿತ್ರ ಮೇಜಿನ ಖಾನೆ ಸೇರಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮರುವರ್ಷ, 1970ರ ಅಕ್ಟೋಬರ್‌ನಲ್ಲಿ, ಕರ್ಬಿಯವರ ಪತ್ರಿಕೆ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಊರಿನಲ್ಲಿ 'ಅಮೆರಿಕಾಸ್ ಟೀಕಪ್' ಎಂಬ ಸ್ಪರ್ಧೆ ಇಟ್ಟಿತು. ಸಾವಿರ ಡಾಲರಿನೊಳಗಿನ ಅಗ್ಗದ ದೋಣಿಗಳಿಗೆ ಮಾತ್ರ ಪ್ರವೇಶ. ಸಿರಿವಂತರ 'ಅಮೆರಿಕಾಸ್ ಕಪ್' ಲೋಟವಾದರೆ ಇದು ಚಹಾದ ಬಟ್ಟಲು ಎಂಬ ತಮಾಷೆ. ಖಾನೆಯಿಂದ ಚಿತ್ರ ಹೊರಬಂತು. ಇಯಾನ್ ಒಡಲು ಕಟ್ಟಿಸಿದರು, ಡೆನ್ಮಾರ್ಕಿನಿಂದ ಕೆನಡಾಕ್ಕೆ ಬಂದು ನೆಲೆಸಿದ್ದ ಹಾನ್ಸ್ ಫೋಗ್ ಹಾಯಿ ಹೊಲಿದು, ತಾವೇ ದೋಣಿ ನಡೆಸಿದರು. ಆಗ ಅದರ ಹೆಸರು 'ವೀಕೆಂಡರ್'. ಹಾಯಿಯ ಮೇಲೆ 'ಸದ್ಯ, ಶುಕ್ರವಾರ ಬಂತಲ್ಲ' ಎಂದು ನಿಟ್ಟುಸಿರು ಬಿಡುವ ನೌಕರರ ಇಂಗ್ಲಿಷ್ ನುಡಿಯ ನಾಲ್ಕು ಮೊದಲಕ್ಷರಗಳು, ಟಿಜಿಐಎಫ್. ತನ್ನ ವರ್ಗದಲ್ಲಿ ಅದು ಸಲೀಸಾಗಿ ಗೆದ್ದಿತು.

'ಲೇಸರ್' ಎಂಬ ಹೆಸರನ್ನು ಆಮೇಲೆ ಸೂಚಿಸಿದ್ದು ಮೆಕ್‌ಗಿಲ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ. ಆಗ ಲೇಸರ್ ಎಂದರೆ ಹೊಸ ವಿಜ್ಞಾನದ ಮಿಂಚು. 1971ರ ಜನವರಿಯಲ್ಲಿ ನ್ಯೂಯಾರ್ಕ್ ದೋಣಿ ಮೇಳದಲ್ಲಿ ಆ ಹೆಸರಿನಿಂದ ಇಟ್ಟಾಗ 144 ದೋಣಿಗಳಿಗೆ ಬೇಡಿಕೆ ಬಂತು. ಇಯಾನ್ ಬ್ರೂಸ್ ಅವರ ಪರ್ಫಾರ್ಮೆನ್ಸ್ ಸೇಲ್‌ಕ್ರಾಫ್ಟ್ ಕಂಪನಿ ತಯಾರಿಕೆಗೆ ಇಳಿಯಿತು.

ಬೆಲ್ಲದ ಅಚ್ಚು

ಲೇಸರ್ ಎಂಥ ದೋಣಿ ಎಂಬುದನ್ನು ಅದನ್ನು ಸಜ್ಜುಮಾಡುವಾಗ ನೋಡಿದರೆ ತಿಳಿಯುತ್ತದೆ. ಒಡಲಿನ ಉದ್ದ ಸುಮಾರು 4.2 ಮೀಟರ್, ತೂಕ 59 ಕಿಲೋ. ಇಬ್ಬರು ಆಚೀಚೆ ಹಿಡಿದರೆ ಎತ್ತಿ ನಡೆಯಬಹುದು. ಹಾಯಿಕಂಬ ಎರಡು ತುಂಡು. ಒಂದರೊಳಗೊಂದು ತೂರಿಸಿದರೆ ಆಯಿತು. ಹಾಯಿಯ ಮುಂಭಾಗದ ಅಂಚು ಉದ್ದನೆಯ ಚೀಲದಂತೆ ಹೊಲಿದಿರುತ್ತದೆ. ದಿಂಬಿಗೆ ಗವುಸು ಹಾಕಿದಂತೆ ಅದನ್ನು ಕಂಬದ ಮೇಲೆ ಎಳೆದು, ಕಂಬವನ್ನು ಎತ್ತಿ ದೋಣಿಯ ಮುಂಭಾಗದ ತೂತಿನೊಳಗೆ ನಿಲ್ಲಿಸುತ್ತಾರೆ. ಕಂಬವನ್ನು ಬಿಗಿಯುವ ತಂತಿಗಳೇ ಇಲ್ಲ. ಕೆಳಗೆ ಅಡ್ಡಕಂಬ, ಹಿಂದೆ ಚುಕ್ಕಾಣಿ, ನಡುವಿನ ಸೀಳಿನಲ್ಲಿ ನೀರಿಗೆ ಇಳಿಬಿಡುವ ಹಲಗೆ. ಕಾಲು ಗಂಟೆಯಲ್ಲಿ ನೀರಿಗೆ.

ನೀರಿಗಿಳಿದ ಮೇಲೆ ಸುಖವಿಲ್ಲ. ಗಾಳಿ ಏರಿದಾಗ ದೋಣಿ ಮಗುಚದಂತೆ ಹಿಡಿಯಲು ಇರುವ ತೂಕ ನಿಮ್ಮ ಮೈ ಒಂದೇ. ಪಾದಗಳನ್ನು ಪಟ್ಟಿಯೊಂದರ ಕೆಳಗೆ ಸಿಕ್ಕಿಸಿ, ತೊಡೆಯ ಹಿಂಭಾಗವನ್ನು ಅಂಚಿಗೆ ಆನಿಸಿ, ಸೊಂಟದಿಂದ ಮೇಲಿನ ಮೈಯನ್ನೆಲ್ಲ ಹೊರಗೆ ಚಾಚಿ ನೇತಾಡಬೇಕು. ಒಂದು ಓಟ ಮುಗಿಯುವಷ್ಟರಲ್ಲಿ ತೊಡೆ ನಡುಗುತ್ತದೆ. ಒಬ್ಬನೇ ನಡೆಸುವ ದೋಣಿ; ಬೈಯುವುದಕ್ಕೂ ಜೊತೆಗಾರನಿಲ್ಲ.

ಇಷ್ಟು ಸರಳವಾದ, ಇಷ್ಟು ಕಷ್ಟದ ದೋಣಿಯನ್ನು ಜನ ಏಕೆ ಕೊಂಡರು? ಉತ್ತರ ವಿನ್ಯಾಸದಲ್ಲಿ ಇದ್ದದ್ದಕ್ಕಿಂತ ನಿಯಮದಲ್ಲಿ ಇತ್ತು. ಲೇಸರ್ ಸ್ಪರ್ಧೆಯ ಮೂಲ ನಿಯಮವೆಂದರೆ ಎಲ್ಲ ದೋಣಿಗಳೂ ಒಂದೇ. ಕೈಪಿಡಿಯಲ್ಲಿ ಇರುವಂತೆ, ಒಂದೇ ಮೂಲದಿಂದ ತೆಗೆದ ಅಚ್ಚಿನಲ್ಲಿ, ಪರವಾನಗಿ ಇರುವ ತಯಾರಕರು ಮಾತ್ರ ಕಟ್ಟಬೇಕು. ಕೊಂಡವನು ಒಡಲನ್ನು ಉಜ್ಜಿ ಆಕಾರ ತಿದ್ದುವಂತಿಲ್ಲ, ಹೊರಗಿನ ದರ್ಜಿಯಿಂದ ಹಾಯಿ ಹೊಲಿಸುವಂತಿಲ್ಲ. ಆಲೆಮನೆಯಲ್ಲಿ ಅಚ್ಚಿನಿಂದ ಬೆಲ್ಲ ಕೆಡವುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಯಾವ ಅಚ್ಚು ಎತ್ತಿಕೊಂಡರೂ ಅದೇ ಆಕಾರ, ಅದೇ ತೂಕ. ಹಣವಿದ್ದವನು ಹೆಚ್ಚು ವೇಗದ ದೋಣಿ ಕೊಳ್ಳಲಾರ. ಸೋತರೆ ದೋಣಿಯನ್ನು ದೂರುವಂತಿಲ್ಲ.

ಇದರ ಫಲ ಬೇಗ ಕಂಡಿತು. 1974ರಲ್ಲಿ ಬರ್ಮುಡಾದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. 1996ರಲ್ಲಿ ಒಲಿಂಪಿಕ್ಸ್ ಪ್ರವೇಶ. ಬ್ರೆಜಿಲ್‌ನ ರಾಬರ್ಟ್ ಶೈಡ್ಟ್ ಚಿನ್ನ, ಬ್ರಿಟನ್ನಿನ ಬೆನ್ ಐನ್‌ಸ್ಲಿ ಬೆಳ್ಳಿ. ನಾಲ್ಕು ವರ್ಷದ ಮೇಲೆ ಸಿಡ್ನಿಯಲ್ಲಿ ಸರದಿ ತಿರುವುಮುರುವು. ಅಲ್ಲಿಯ ಕೊನೆಯ ಓಟದಲ್ಲಿ ಐನ್‌ಸ್ಲಿ ಗೆಲ್ಲಲು ಹೋಗದೆ ಶೈಡ್ಟ್ ಅವರನ್ನೇ ಅಡ್ಡಗಟ್ಟಿ, ಗಾಳಿ ಕದ್ದು, ಹಿಂದೆ ತಳ್ಳಿಕೊಂಡು ಹೋದರು. ದೋಣಿಗಳು ನಿಜಕ್ಕೂ ಸಮವಾಗಿದ್ದರೆ ಮಾತ್ರ ಇಂಥ ಆಟ ಸಾಧ್ಯ.

ಮಾದರಿಗಳು: ಒಂದು ಉಳಿಯಿತು, ಉಳಿದವು ತೇಲಿಹೋದವು

80 ಕಿಲೋದ ಗಂಡಸಿಗೆ ಹೊಂದುವ 7.06 ಚದರ ಮೀಟರ್ ಹಾಯಿಯನ್ನು 55 ಕಿಲೋದ ಹುಡುಗಿ ಹಿಡಿಯಲಾರಳು. ಇದನ್ನು ಪರಿಹರಿಸುವ ಮೊದಲ ಯತ್ನವೇ ಎಡವಿತು. 'ಲೇಸರ್ ಎಂ' ಎಂಬ ಮಾದರಿಯಲ್ಲಿ ಕಂಬದ ಮೇಲಿನ ತುಂಡನ್ನು ಗಿಡ್ಡ ಮಾಡಿ ಚಿಕ್ಕ ಹಾಯಿ ಹಾಕಿದರು. ಅದು ಜನರಿಗೆ ಹಿಡಿಸಲಿಲ್ಲ. ಆಮೇಲೆ ಯೋಚನೆಯನ್ನು ತಲೆಕೆಳಗು ಮಾಡಿದರು: ಮೇಲಿನ ತುಂಡು ಹಾಗೇ ಇರಲಿ, ಕೆಳಗಿನದನ್ನು ಗಿಡ್ಡ ಮಾಡೋಣ. ಹಾಗೆ ಬಂದದ್ದು ಹಾನ್ಸ್ ಫೋಗ್ ಅವರ ಕೈಯ 'ರೇಡಿಯಲ್', ಸುಮಾರು 5.7 ಚದರ ಮೀಟರ್. ಮುಂದೆ ಮಕ್ಕಳಿಗಾಗಿ '4.7', ಅಲ್ಲಿ ಕೆಳಗಿನ ಕಂಬವನ್ನು ಇನ್ನೂ ಗಿಡ್ಡಮಾಡಿದ್ದಲ್ಲದೆ, ದೋಣಿಯ ಸಮತೋಲ ಕೆಡದಿರಲೆಂದು ಮೊದಲೇ ಸ್ವಲ್ಪ ಹಿಂದಕ್ಕೆ ಬಾಗಿಸಿಟ್ಟಿರುತ್ತಾರೆ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ಜಾಣ ನಿರ್ಧಾರ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಮಗಳು ಹದಿಮೂರಕ್ಕೆ 4.7ರಲ್ಲಿ ಕಲಿತು, ಹದಿನೇಳಕ್ಕೆ ರೇಡಿಯಲ್‌ಗೆ ಏರಬೇಕೆಂದರೆ ಅಪ್ಪ ಹೊಸ ದೋಣಿ ಕೊಳ್ಳಬೇಕಿಲ್ಲ. ಒಂದು ಕಂಬದ ತುಂಡು, ಒಂದು ಹಾಯಿ ಸಾಕು. ಒಂದೇ ಕ್ಲಬ್ಬಿನಲ್ಲಿ ಹತ್ತು ಒಡಲುಗಳಿದ್ದರೆ ಬೆಳಿಗ್ಗೆ ಮಕ್ಕಳು, ಸಂಜೆ ದೊಡ್ಡವರು. 2008ರಲ್ಲಿ ಬೀಜಿಂಗ್‌ನಿಂದ ರೇಡಿಯಲ್ ಮಹಿಳೆಯರ ಒಲಿಂಪಿಕ್ ದೋಣಿಯಾಯಿತು.

ಹೆಸರಿನ ಬಲದಿಂದ ಮಾರಲು ಹೊರಟ ಉಳಿದ ಮಾದರಿಗಳ ಕಥೆ ಬೇರೆ. ಫ್ರಾಂಕ್ ಬೆತ್‌ವೇಟ್ ರೂಪಿಸಿದ ಇಬ್ಬರ ದೋಣಿ 'ಲೇಸರ್ 2' ಯುವಸ್ಪರ್ಧೆಗಳಲ್ಲಿ ಕೆಲಕಾಲ ಮೆರೆದು, '29ಇಆರ್' ಎಂಬ ಚುರುಕು ದೋಣಿಗೆ ಜಾಗ ಬಿಟ್ಟಿತು. ಅದನ್ನು ರೂಪಿಸಿದ್ದು ಫ್ರಾಂಕ್ ಅವರ ಮಗ ಜೂಲಿಯನ್! ಬ್ರೂಸ್ ಫಾರ್ ವಿನ್ಯಾಸದ 'ಲೇಸರ್ 28' ಒಳಗೆ ಮಲಗಬಹುದಾದ ದೊಡ್ಡ ದೋಣಿ. ಬ್ರಿಟನ್ನಿನಿಂದ 4000, 5000, ಸ್ಟ್ರಾಟೋಸ್, ಪಿಕೊ, ಬಹಿಯಾ, ವಾಗೊ ಎಂದು ಸಾಲುಸಾಲು ಬಂದವು. ಪಿಕೊ ಕಲಿಕೆಯ ಶಾಲೆಗಳಲ್ಲಿ ಚೆನ್ನಾಗಿ ಓಡಿತು. ಉಳಿದವನ್ನು ಇಂದು ನೆನೆಸುವವರು ಅವುಗಳ ಹಳೆಯ ಮಾಲೀಕರು.

ನಾಲ್ಕು ಪಾಲುದಾರರು

ಜಗಳದ ಬೇರು ಇಲ್ಲಿದೆ. ಎಲ್ಲ ದೋಣಿಯೂ ಒಂದೇ ಇರಬೇಕಾದರೆ ಯಾರೋ ಒಬ್ಬರು ಕಾವಲು ಕೂರಬೇಕು. ಲೇಸರ್‌ಗೆ ಒಬ್ಬರಲ್ಲ, ನಾಲ್ವರು ಕೂತರು. ವಿನ್ಯಾಸದ ಹಕ್ಕು ಕರ್ಬಿಯದು. ಮಾರಾಟವಾದ ಪ್ರತಿ ದೋಣಿಗೂ ಅವರಿಗೆ ರಾಯಧನ. 'ಲೇಸರ್' ಎಂಬ ವಾಣಿಜ್ಯ ಮುದ್ರೆ ತಯಾರಕರದು. ನಿಯಮಗಳು ಲೇಸರ್ ನಡೆಸುವವರ ಅಂತರರಾಷ್ಟ್ರೀಯ ಸಂಘದ್ದು, ಇಂಗ್ಲಿಷಿನಲ್ಲಿ 'ಇಂಟರ್‌ನ್ಯಾಷನಲ್ ಲೇಸರ್ ಕ್ಲಾಸ್ ಅಸೋಸಿಯೇಷನ್', ಅದೇ ಐಎಲ್‌ಸಿಎ. ಅದರ ಮೇಲೆ ವಿಶ್ವ ಹಾಯಿದೋಣಿ ಒಕ್ಕೂಟ. 1983ರ ಒಪ್ಪಂದ ಇವರನ್ನೆಲ್ಲ ಒಂದು ಕಾಗದದಲ್ಲಿ ಕಟ್ಟಿಹಾಕಿತು. ಪ್ರತಿ ಹೊಸ ದೋಣಿಗೂ ಕೈಯಗಲಕ್ಕಿಂತ ಚಿಕ್ಕದೊಂದು ಫಲಕ ಅಂಟಿಸಬೇಕು. ಫಲಕವಿಲ್ಲದ ದೋಣಿ ಸ್ಪರ್ಧೆಯ ಮಟ್ಟಿಗೆ ದೋಣಿಯೇ ಅಲ್ಲ.

ತಯಾರಕರು ಸ್ಥಿರವಾಗಿದ್ದಿದ್ದರೆ ಈ ಗಂಟು ಹೇಗೋ ನಡೆಯುತ್ತಿತ್ತು. ಆದರೆ ಕೆನಡಾದ ಮೂಲ ಕಂಪನಿ 1980ರ ದಶಕದಲ್ಲಿ ದಿವಾಳಿಯೆದ್ದಿತು. ಹಕ್ಕುಗಳು ಕೈಯಿಂದ ಕೈಗೆ ದಾಟಿ, ಕೊನೆಗೆ ಯುರೋಪ್ ಮತ್ತು ಅಮೆರಿಕದ ಪಾಲು ಲೇಸರ್‌ಪರ್ಫಾರ್ಮೆನ್ಸ್ ಎಂಬ ಕಂಪನಿಗೆ ಸೇರಿತು. ಆಸ್ಟ್ರೇಲಿಯಾದಲ್ಲೊಬ್ಬರು, ಜಪಾನಿನಲ್ಲೊಬ್ಬರು ಬೇರೆ ತಯಾರಕರು, ತಮ್ಮ ತಮ್ಮ ಸೀಮೆಯಲ್ಲಿ ಹೆಸರಿನ ಒಡೆಯರು. ಅಣ್ಣತಮ್ಮಂದಿರು ಪಾಲಾದ ಮೇಲೆ ಒಂದೇ ಹೆಸರಿನ ಬೋರ್ಡು ಹಾಕಿಕೊಂಡ ಹೋಟೆಲುಗಳು ನಮ್ಮಲ್ಲೂ ಇವೆ. ತಿನ್ನುವವನಿಗೆ ದೋಸೆಯ ರುಚಿಯ ಅನುಮಾನ, ಅಣ್ಣತಮ್ಮಂದಿರಿಗೆ ನ್ಯಾಯಾಲಯದ ಅಲೆದಾಟ.

2008ರಲ್ಲಿ ಕರ್ಬಿ ತಮ್ಮ ಹಕ್ಕುಗಳನ್ನು ಆಸ್ಟ್ರೇಲಿಯಾದ ತಯಾರಕರಿಗೆ ಹತ್ತಿರವಾದ ಕಂಪನಿಗೆ ಮಾರಿ, ಕೆಲವು ವರ್ಷಗಳ ನಂತರ ಮರಳಿ ಪಡೆದರು. ಅಷ್ಟರೊಳಗೆ ಲೇಸರ್‌ಪರ್ಫಾರ್ಮೆನ್ಸ್ ಜೊತೆ ರಾಯಧನದ ತಕರಾರು ಬಲಿತಿತ್ತು. ಕರ್ಬಿ ಆ ಕಂಪನಿಗೆ ಫಲಕ ಕೊಡಬೇಡಿ ಎಂದರು. ಸಂಘಕ್ಕೆ ಪೀಕಲಾಟ: ಫಲಕ ನಿಂತರೆ ಯುರೋಪಿನಲ್ಲಿ ಹೊಸ ದೋಣಿಯೇ ಇಲ್ಲ. 2011ರಲ್ಲಿ ಸದಸ್ಯರ ಮತ ಕೇಳಿ, ತಯಾರಕರಿಗೆ ವಿನ್ಯಾಸಕಾರನ ಪರವಾನಗಿ ಬೇಕು ಎಂಬ ಷರತ್ತನ್ನೇ ನಿಯಮದಿಂದ ತೆಗೆಸಿತು. 2013ರಲ್ಲಿ ಅದು ಜಾರಿಗೆ ಬಂತು; ಫಲಕದ ಮೇಲಿನ ಕರ್ಬಿಯ ಹೆಸರು ಹೋಯಿತು. ದೋಣಿಯನ್ನು ಹೆತ್ತವನನ್ನೇ ಮನೆಯಿಂದ ಹೊರಗಿಟ್ಟಂತೆ. ಸಂಘದ ಸಂಕಟ ಅರ್ಥವಾಗುತ್ತದೆ, ಆದರೂ ಆ ನಡೆ ನನಗೆ ಸಣ್ಣತನವಾಗಿಯೇ ಕಾಣುತ್ತದೆ.

ಎಂಬತ್ತು ದಾಟಿದ್ದ ಕರ್ಬಿ ಸುಮ್ಮನಿರಲಿಲ್ಲ. ಅದೇ ವರ್ಷ ಅಮೆರಿಕದ ಕನೆಕ್ಟಿಕಟ್‌ನಲ್ಲಿ ದಾವೆ ಹೂಡಿದರು. ಅದೇ ದೋಣಿಗೆ 'ಕರ್ಬಿ ಟಾರ್ಚ್' ಎಂದು ಹೊಸ ಹೆಸರಿಟ್ಟು ಬೇರೆ ವರ್ಗ ಕಟ್ಟಲು ನೋಡಿದರು. ಅದು ಏಳಲಿಲ್ಲ, ಸ್ಪರ್ಧಿಗಳು ಸಾಲಾಗಿ ನಿಲ್ಲುವ ಗೆರೆ ಎಲ್ಲಿದೆಯೋ ಅಲ್ಲಿಗೇ ಜನ ಹೋಗುತ್ತಾರೆ. ಮೊಕದ್ದಮೆ 2020ರವರೆಗೆ ಎಳೆಯಿತು. ಜ್ಯೂರಿ ಕರ್ಬಿಯ ಪರವಾಗಿ ನಿಂತಿತು. ಮರುವರ್ಷ ಅವರು ತೀರಿಕೊಂಡರು.

ಬಾಗುವ ಕಂಬ, ಏರುವ ಬೆಲೆ

ಕಾನೂನಿನ ಜಗಳ ದಂಡೆಯ ಮೇಲಿನ ಸಾಮಾನ್ಯ ಸದಸ್ಯನಿಗೆ ತಟ್ಟಿದ್ದು ಹಾಯಿ ಮತ್ತು ಕಂಬಗಳ ಮೂಲಕ. ಅಲ್ಯೂಮಿನಿಯಂನ ಮೇಲಿನ ತುಂಡು, ಎರಡೂ ಸೇರುವ ಕಡೆ, ಒಂದು ರಿವೆಟ್ಟಿನ ತೂತು ಇರುವಲ್ಲಿಯೇ ಬಾಗುತ್ತಿತ್ತು. ಒಂದೆರಡು ಬಿರುಸಿನ ಗಾಳಿಯ ದಿನಗಳಾದರೆ ಸಾಕು, ಬಿಲ್ಲು. ಎರಡು ಮರದ ಕೊರಡುಗಳ ನಡುವೆ ಇಟ್ಟು ಹಿಂದಕ್ಕೆ ಒತ್ತಿ ನೇರ ಮಾಡುವವರಿದ್ದರು. ರಿವೆಟ್ ಕಿತ್ತು ತುಂಡನ್ನೇ ತಿರುಗಿಸಿ ಹಾಕುವವರಿದ್ದರು. ಹಾಯಿಯೂ ಹಾಗೇ: ಬಟ್ಟೆ ಬೇಗ ಜೋಲುಬೀಳುತ್ತಿತ್ತು. ಹೊರಗಿನವರು ಹೊಲಿದ, ನೋಡಲು ಅಂಥದೇ ಹಾಯಿ ಬಹಳ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಅದು ಅಭ್ಯಾಸಕ್ಕೆ ಮಾತ್ರ. ಸ್ಪರ್ಧೆಯ ದಿನ ಅಧಿಕೃತ ಹಾಯಿಯೇ ಆಗಬೇಕು.

ಎಲ್ಲರೂ ಸಮ ಎಂಬ ನಿಯಮದ ಇನ್ನೊಂದು ಮುಖ ಇದು. ಬೇರೆಯವರಿಂದ ಕೊಳ್ಳುವಂತಿಲ್ಲ ಎಂದಾದ ಮೇಲೆ, ಒಳ್ಳೆಯದನ್ನು ಮಾಡಬೇಕೆಂಬ ತುರ್ತು ಮಾರುವವನಿಗೆ ಇರುವುದಿಲ್ಲ. ಹೊಸ ಬಗೆಯಲ್ಲಿ ಕತ್ತರಿಸಿದ ಹಾಯಿ, ಗಾಜಿನ ನಾರು ಬೆರೆತ ಬಾಗದ ಮೇಲ್ಕಂಬ ಬಂದದ್ದು 2010ರ ದಶಕದ ನಡುವಿನಿಂದ ಈಚೆಗೆ. ನಲವತ್ತಕ್ಕೂ ಹೆಚ್ಚು ವರ್ಷ ಕಾದ ಮೇಲೆ. ಹೀಗಿದ್ದೂ ನಿಯಮವನ್ನು ಮುರಿಯೋಣ ಎಂದವರು ಕಡಿಮೆ, ಏಕೆಂದರೆ ಮುರಿದ ದಿನವೇ ಹಣವಂತನ ದೋಣಿ ಮುಂದೆ ಓಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

2019

ಆ ವರ್ಷ ಎಲ್ಲವೂ ಒಟ್ಟಿಗೆ ಬಂತು. ಮಾರ್ಚ್‌ನಲ್ಲಿ ವಿಶ್ವ ಒಕ್ಕೂಟ 2024ರ ಒಲಿಂಪಿಕ್ಸ್‌ಗಾಗಿ ಸ್ಪೇನ್‌ನ ವೆಲೆನ್ಸಿಯಾದಲ್ಲಿ ನಾಲ್ಕು ದೋಣಿಗಳನ್ನು ನೀರಿಗಿಳಿಸಿ ಪರೀಕ್ಷಿಸಿತು: ಲೇಸರ್, ಆರ್‌ಎಸ್ ಏರೋ, ಡಿ-ಝೀರೋ, ಮೆಲ್ಜಸ್ 14. ಪರೀಕ್ಷಕರ ಒಲವು ಹಗುರವಾದ ಆರ್‌ಎಸ್ ಏರೋ ಕಡೆಗೆ ಹೋಯಿತು. ಅದೇ ತಿಂಗಳು ಇನ್ನೊಂದು ಸಿಡಿಲು. ಬ್ರಿಟನ್ನಿನ ಕಾರ್ಖಾನೆಯೊಳಗೆ ತಪಾಸಣೆಗೆ ಬಿಡಲಿಲ್ಲ ಎಂಬ ಕಾರಣಕ್ಕೆ ಐಎಲ್‌ಸಿಎ ಸಂಘ ಲೇಸರ್‌ಪರ್ಫಾರ್ಮೆನ್ಸ್‌ನ ತಯಾರಕ ಮಾನ್ಯತೆಯನ್ನು ರದ್ದುಮಾಡಿತು. ಕಂಪನಿ ಇದನ್ನು ಒಪ್ಪಲಿಲ್ಲ. ಆಸ್ಟ್ರೇಲಿಯಾದ ದೋಣಿಗಳೇ ಕೈಪಿಡಿಯಂತೆ ಇಲ್ಲ ಎಂದು ತಿರುಗಿ ಆರೋಪಿಸಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ, ಯುರೋಪಿನ ಕ್ಲಬ್ಬುಗಳಲ್ಲಿ ಹೊಸ ದೋಣಿಗೆ ಕಾಯುವವರು ಕಾಯುತ್ತಲೇ ಉಳಿದರು.

ಸಂಘದ ಮುಂದಿದ್ದ ಗಂಟು ಇಷ್ಟು: ಅಚ್ಚು, ಕೈಪಿಡಿ, ಸದಸ್ಯರು, ಒಲಿಂಪಿಕ್ ಸ್ಥಾನ ಎಲ್ಲವೂ ತಮ್ಮ ಕಡೆ ಇವೆ. ಆದರೆ ಯುರೋಪಿನಲ್ಲಿ ಯಾರಾದರೂ ಹೊಸ ತಯಾರಕ ಇದೇ ದೋಣಿ ಕಟ್ಟಿ 'ಲೇಸರ್' ಎಂದು ಮಾರಿದರೆ ಮುದ್ರೆಯ ಒಡೆಯ ನ್ಯಾಯಾಲಯಕ್ಕೆ ಎಳೆಯುತ್ತಾನೆ. ಏಪ್ರಿಲ್‌ನಲ್ಲಿ ಸಂಘ ಗಂಟನ್ನು ಬಿಚ್ಚಲಿಲ್ಲ, ಕತ್ತರಿಸಿತು. ಇನ್ನು ಮುಂದೆ ದೋಣಿಯ ಹೆಸರು ಐಎಲ್‌ಸಿಎ. ಸ್ಟ್ಯಾಂಡರ್ಡ್ ಎಂದಿದ್ದ, ದೊಡ್ಡ ಹಾಯಿಯ ಮೂಲ ಲೇಸರ್ ಐಎಲ್‌ಸಿಎ 7, ರೇಡಿಯಲ್ 6, 4.7 ಎಂಬುದು 4. ಅಂಕಿಗಳು ಹಾಯಿಯ ಚದರ ಮೀಟರನ್ನು ಹೆಚ್ಚುಕಡಿಮೆ ಸೂಚಿಸುತ್ತವೆ. ತಮಾಷೆ ನೋಡಿ: ಐಎಲ್‌ಸಿಎ ಎಂಬುದರ ಎರಡನೆಯ ಅಕ್ಷರ ಲೇಸರ್‌ನದೇ! ಬಾಯಿಬಿಟ್ಟು ಹೇಳಬಾರದ ಹೆಸರು ಸಂಕ್ಷೇಪದ ಹೊಟ್ಟೆಯೊಳಗೆ ಕುಳಿತಿದೆ.

ವಿಶ್ವ ಒಕ್ಕೂಟವೂ ಒಂದು ಷರತ್ತು ಹಾಕಿತು. ಒಲಿಂಪಿಕ್ ದೋಣಿಯ ತಯಾರಿಕೆ ಒಬ್ಬರ ಮುಷ್ಟಿಯಲ್ಲಿ ಇರಕೂಡದು. ಗುಣಮಟ್ಟ ಮುಟ್ಟುವ ಯಾರಿಗಾದರೂ ನ್ಯಾಯವಾದ ದರದಲ್ಲಿ, ಭೇದ ಮಾಡದೆ ಪರವಾನಗಿ ಕೊಡಬೇಕು. ಯುರೋಪಿನ ಸ್ಪರ್ಧಾ ಕಾನೂನಿನ ಹೆದರಿಕೆ ಇದರ ಹಿಂದಿತ್ತು. ಸಂಘ ಒಪ್ಪಿತು, ದೋಣಿ ಒಲಿಂಪಿಕ್ಸ್‌ನಲ್ಲಿ ಉಳಿಯಿತು. ಬ್ರಿಟನ್ನಿನ ಓವಿಂಗ್ಟನ್, ಥಾಯ್ಲೆಂಡ್‌ನ ಎಲಿಮೆಂಟ್ 6, ಅರ್ಜೆಂಟೀನಾದ ರಿಯೊ ಟೆಕ್ನಾ ಮುಂತಾದ ಹೊಸ ತಯಾರಕರು ಬಂದರು. ಪ್ಯಾರಿಸ್ ಒಲಿಂಪಿಕ್ಸ್‌ನ ಓಟಗಳು 2024ರಲ್ಲಿ ಮಾರ್ಸೆಯಲ್ಲಿ ನಡೆದಾಗ ವಿಷ್ಣು ಮತ್ತು ನೇತ್ರಾ ಇಬ್ಬರೂ ಈ ಹೊಸ ಹೆಸರಿನಡಿ ಇದ್ದರು. ಆಸ್ಟ್ರೇಲಿಯಾದ ಮ್ಯಾಟ್ ವೆರ್ನ್ ಟೋಕಿಯೊದಲ್ಲಿ ಲೇಸರ್‌ನಲ್ಲಿ ಗೆದ್ದ ಚಿನ್ನವನ್ನು ಅಲ್ಲಿ ಐಎಲ್‌ಸಿಎ 7ರಲ್ಲಿ ಉಳಿಸಿಕೊಂಡರು.

ಲೇಸರ್‌ಪರ್ಫಾರ್ಮೆನ್ಸ್ ಕೈಯಲ್ಲಿ ಉಳಿದದ್ದು ಹೆಸರು. ಜಗತ್ತಿನ ಹಾಯಿದೋಣಿಗರ ಬಾಯಲ್ಲಿ ಅತಿ ಹೆಚ್ಚು ಬಾರಿ ಬಂದ ಹೆಸರು ಅದು, ಆದರೆ ಆ ಹೆಸರಿನ ಹೊಸ ದೋಣಿ ಕೊಂಡವನಿಗೆ ಒಲಿಂಪಿಕ್ ಹಾದಿಯ ಸ್ಪರ್ಧೆಗಳಲ್ಲಿ ಪ್ರವೇಶವಿಲ್ಲ. ಒಂದು ಕಾಲದಲ್ಲಿ ಆ ಹೆಸರಿಗೆ ಬೆಲೆ ತಂದದ್ದು ಭಾನುವಾರದ ಸಣ್ಣ ಸ್ಪರ್ಧೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದ ಮೂವತ್ತು ನಲವತ್ತು ದೋಣಿಗಳು. ಕಂಪನಿ ಮುದ್ರೆಯ ಕಾಗದ ನೋಡಿತು, ಆ ಸಾಲನ್ನು ನೋಡಲಿಲ್ಲ.

ಮಾನ್ಯತೆಯ ಫಲಕವಿರುವ ಹಳೆಯ ಲೇಸರ್‌ಗಳಿಗೆ ತೊಂದರೆಯಾಗಲಿಲ್ಲ. ಹಾಯಿಯ ಮೇಲೆ ಕಿರಣ ಚೆಲ್ಲುವ ಹಳೆಯ ಗುರುತಿನದೊಂದು, ಹೊಸ ಅಕ್ಷರಗಳದೊಂದು, ಅಕ್ಕಪಕ್ಕ ನಿಂತು ಒಂದೇ ಬಾವುಟಕ್ಕೆ ಹೊರಡುತ್ತವೆ. ದಂಡೆಯ ಮೇಲೆ ಇಂದಿಗೂ ಎಲ್ಲರೂ ಎರಡಕ್ಕೂ ಲೇಸರ್ ಎಂದೇ ಅನ್ನುತ್ತಾರೆ. ಹಳೆಯದನ್ನು ಕೊಳ್ಳಲು ಬಂದವನು ಅದನ್ನು ಯಾವ ದೇಶದಲ್ಲಿ, ಯಾವ ಕಂಪನಿ ಕಟ್ಟಿತು ಎಂದು ಮೊದಲು ಕೇಳುವುದಿಲ್ಲ. ಹಾಯಿಕಂಬ ನಿಲ್ಲುವ ತೂತಿಗೆ ಒಂದು ತಂಬಿಗೆ ನೀರು ಹೊಯ್ದು ಕಾಯುತ್ತಾನೆ. ತಳದಲ್ಲಿ ಮರಳು ಸೇರಿ ಕಂಬ ತಿರುಗಿ ತಿರುಗಿ ಸವೆಸಿದ್ದರೆ ನೀರು ಸದ್ದಿಲ್ಲದೆ ಒಡಲೊಳಗೆ ಇಳಿಯುತ್ತದೆ. ನೀರು ಇದ್ದಲ್ಲೇ ನಿಂತರೆ ಬೆಲೆಯ ಮಾತು ಶುರುವಾಗುತ್ತದೆ.